ಮೂವತ್ತಕ್ಕೇರುವ ಮುಳ್ಳು

ಆದರೆ ಬಾಯ್ಲರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ನಿಜವಾಗಿಯೂ ಮೂವತ್ತನ್ನು ಮುಟ್ಟಿತ್ತೇ ಎಂಬುದು ಈಗ ನನಗೆ ಖಾತ್ರಿಯಿಲ್ಲ. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಹೇಳಿದಷ್ಟು ಸಲವೂ ಮುಳ್ಳು ಒಂದಿಷ್ಟು ಮೇಲೆ ಸರಿದಿದೆ. ಮೊದಮೊದಲು ಇಪ್ಪತ್ತೆಂಟು ಅನ್ನುತ್ತಿದ್ದೆ. ಮೂವತ್ತು ಅಂದರೆ ಕೇಳುವವರು ಕಿವಿ ನೆಟ್ಟಗೆ ಮಾಡುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಯಾಕೆಂದರೆ ಒತ್ತಡ ಮೂವತ್ತು ಪೌಂಡಿಗೆ ಬಂದರೆ ಮನೆ ಬಾಯ್ಲರಿನ ಸೇಫ್ಟಿ ವಾಲ್ವ್ ತಾನಾಗಿ ಬಾಯಿಬಿಟ್ಟು ಬಿಸಿನೀರನ್ನು ನೆಲಕ್ಕೆ ಚೆಲ್ಲುತ್ತದೆ. ನೆಲದ ಮೇಲೆ ನೀರು ನಿಂತಿದ್ದಂತೂ ನಿಜ. ನೀರು ನಿಂತಿತ್ತು ಅಂದಮೇಲೆ ಮುಳ್ಳು ಯಾವಾಗಲೋ ಮೂವತ್ತಕ್ಕೆ ಹೋಗಿರಲೇಬೇಕು. ಅಂದರೆ ಆ ಮೂವತ್ತು ನಾನು ಕಣ್ಣಾರೆ ಕಂಡದ್ದಲ್ಲ, ಊಹಿಸಿ ಕೂಡಿಸಿಕೊಂಡದ್ದು. ನೆನಪು ಎಂದು ನಾನು ಹೇಳಿಕೊಳ್ಳುವುದರಲ್ಲಿ ಇಂಥದ್ದು ಬಹಳ ಇದೆ. ಮುಂದೆ ಬರೆಯುವುದನ್ನೂ ಹಾಗೆಯೇ ಓದಿಕೊಳ್ಳಬೇಕು.

ನ್ಯೂಯಾರ್ಕಿಗೆ ಹತ್ತಿರದ ಎಡಿಸನ್ ಊರಿನ ಒಂದು ಹಳೆಯ ಮನೆ, ಕಡು ಚಳಿಗಾಲ. ಕಂಪ್ಯೂಟರ್ ಕೆಲಸಕ್ಕೆ ಬಂದ ನಮ್ಮ ಕಡೆಯ ಹುಡುಗರು ಅಪಾರ್ಟ್‌ಮೆಂಟ್ ಬಿಟ್ಟು ಇಂಥ ಮನೆಗಳನ್ನು ಕೊಳ್ಳುತ್ತಿದ್ದ ವರ್ಷಗಳು ಅವು. ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಲೋಕದ ಕಂಪ್ಯೂಟರುಗಳೆಲ್ಲ ದಾರಿ ತಪ್ಪುತ್ತವೆ ಎಂದು ಹೆದರಿದ ಕಂಪನಿಗಳು ಅವರಿಗೆ ಕೈತುಂಬ ಕೆಲಸ ಕೊಟ್ಟಿದ್ದವು. ಅವರು ಕೊಂಡ ಮನೆಗಳ ಬೇಸ್‌ಮೆಂಟಿನಲ್ಲಿದ್ದ ಮುದಿ ಬಾಯ್ಲರುಗಳು ನನಗೆ ಕೊಟ್ಟಿದ್ದವು. ನಾನಿದ್ದ ಹೀಟಿಂಗ್ ಕಂಪನಿಯಲ್ಲಿ ಕರೆಗಳನ್ನು ಹಂಚುವ ಡಿಸ್ಪ್ಯಾಚರ್ ಫೋನಿನಲ್ಲಿ ಇಂಡಿಯನ್ ಹೆಸರು ಕೇಳಿಸಿದರೆ ಆ ಕರೆಯನ್ನು ನನ್ನ ಪೇಜರಿಗೇ ತಳ್ಳುತ್ತಿದ್ದ. ಗುಜರಾತಿಗಳೋ ತೆಲುಗರೋ ಪಂಜಾಬಿಗಳೋ, ಅವನಿಗೆ ಎಲ್ಲ ಒಂದೇ. ಆ ಸಲ ಮಾತ್ರ ನಿಜಕ್ಕೂ ಕನ್ನಡದವರೇ ಬಾಗಿಲು ತೆಗೆದರು.

ಗಂಡ ಮೈಸೂರಿನವನು, ದಿನವೂ ರೈಲಿನಲ್ಲಿ ನ್ಯೂಯಾರ್ಕಿಗೆ ಕಮ್ಯೂಟ್ ಮಾಡುತ್ತಿದ್ದ. ಹೆಂಡತಿ ಧಾರವಾಡದವಳು, ಹೆತ್ತು ವಾರ ಕಳೆದಿತ್ತು, ಅಷ್ಟೆ. ಬಾಣಂತನಕ್ಕೆಂದು ಅವಳ ತಾಯಿ ಊರಿನಿಂದ ಬಂದಿದ್ದರು. ನಾನು ಹೋದಾಗ ಮನೆ ತಣ್ಣಗಿತ್ತು. ಬೇಸ್‌ಮೆಂಟಿನಲ್ಲಿ ನೀರು ಕಂಡ ಗಂಡ ಗಾಬರಿಯಾಗಿ ಮೆಟ್ಟಿಲ ಬಳಿಯ ಬಾಯ್ಲರಿನ ಕೆಂಪು ಸ್ವಿಚ್ ಆರಿಸಿದ್ದ. ಬಾಣಂತಿ ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು, ಮಗುವನ್ನು ಎರಡು ರಜಾಯಿಯೊಳಗೆ ಇಟ್ಟುಕೊಂಡು ಮಂಚದ ಮೇಲೆ ಕೂತಿದ್ದಳು. ಹಜಾರದ ಸ್ಮೋಕ್ ಅಲಾರ್ಮಿಗೆ ಶವರ್ ಕ್ಯಾಪ್ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಬಾಣಂತಿಗೆ ಎರೆದ ಮೇಲೆ ಲೋಬಾನದ ಹೊಗೆ ಕೊಡಬೇಕು, ಆ ಯಂತ್ರಕ್ಕೆ ಅದು ತಿಳಿಯುವುದಿಲ್ಲ.

"ನೋಡಿ ಸಾರ್, ಏನಾದ್ರೂ ಮಾಡಿ ಹೀಟ್ ಮಾತ್ರ ಆಫ್ ಆಗಬಾರದು. ಮಗು ಇದೆ," ಎಂದ ಗಂಡ.

ಅವನ ಅತ್ತೆ ಅಡುಗೆಮನೆಯ ಬಾಗಿಲ ಮರೆಯಿಂದ ನನಗೆ ಹೇಳಿದರು, "ತಮ್ಮಾ, ಅಳಿಯಂದ್ರಿಗೆ ಹೇಳ್ರಿ. ಮನೀ ಬೆಚ್ಚಗಿಲ್ಲ ಅಂದ್ರ ಕೂಸಿಗೆ ಎರಿಯೂದು ಹೆಂಗ?"

ಅಳಿಯ ಮೂರು ಮಾರು ದೂರದಲ್ಲೇ ನಿಂತಿದ್ದ. ಆದರೂ ಆಕೆ ಅವನೊಡನೆ ನೇರ ಮಾತಾಡುತ್ತಿರಲಿಲ್ಲ. ಅವರ ಮನೆತನದಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುವ ರೂಢಿಯಿಲ್ಲವಂತೆ. ಸಾಮಾನ್ಯವಾಗಿ ನಡುವೆ ಮಗಳು ಇರುತ್ತಿದ್ದಳು. ಆ ವಾರ ಆ ಕೆಲಸ ನನ್ನ ಪಾಲಿಗೆ ಬಂತು.

ಬಾಯ್ಲರಿನ ಬಗ್ಗೆ ಇಷ್ಟು ಹೇಳದಿದ್ದರೆ ಮುಂದಿನದು ಅರ್ಥವಾಗದು. ಅದರೊಳಗೆ ಎರಡು ನೀರು. ಒಂದು, ಬಾಯ್ಲರಿನ ಸ್ವಂತ ನೀರು. ಅದು ಬಿಸಿಯಾಗಿ ಗೋಡೆಯಂಚಿನ ಪೈಪುಗಳಲ್ಲಿ ಸುತ್ತಿ, ಕೋಣೆಗಳನ್ನು ಬೆಚ್ಚಗೆ ಮಾಡಿ ಮರಳಿ ಬರುತ್ತದೆ. ವರ್ಷಗಟ್ಟಲೆ ಅದೇ ನೀರು. ಇನ್ನೊಂದು, ನಲ್ಲಿಯಲ್ಲಿ ಬರುವ ಸ್ನಾನದ ನೀರು. ಅದು ಬಾಯ್ಲರಿನ ಹೊಟ್ಟೆಯೊಳಗೆ ಮುಳುಗಿರುವ ತಾಮ್ರದ ಸುರುಳಿಯೊಂದರ ಮೂಲಕ ಹಾದು ಬಿಸಿಯಾಗಿ ಮೇಲೆ ಹೋಗುತ್ತದೆ. ಆ ಸುರುಳಿಗೆ ನಾವು ಕಾಯಿಲ್ ಅನ್ನುತ್ತೇವೆ. ಎರಡೂ ನೀರು ಒಂದನ್ನೊಂದು ಮುಟ್ಟಬಾರದು. ಬಾಯ್ಲರಿನ ಸ್ವಂತ ನೀರು ಎಲ್ಲಾದರೂ ಕಡಿಮೆಯಾದರೆ ಬೀದಿಯ ಲೈನಿನಿಂದ ತುಸು ತುಸುವೇ ಬಿಟ್ಟುಕೊಳ್ಳಲು ಒಂದು ಫಿಲ್ ವಾಲ್ವ್ ಇದೆ. ಅದರ ತಲೆಯ ಮೇಲೊಂದು ಸಣ್ಣ ಹಿಡಿಕೆ. ರಿಪೇರಿಯವರು ಬೇಗ ತುಂಬಿಸಬೇಕಾದಾಗ ಆ ಹಿಡಿಕೆ ಎತ್ತುತ್ತೇವೆ. ಬಾಯ್ಲರ್ ತಣ್ಣಗಿದ್ದಾಗ ಒತ್ತಡ ಹನ್ನೆರಡು ಪೌಂಡು, ಬಿಸಿಯಾದಾಗ ಹದಿನೆಂಟರ ಆಸುಪಾಸು ಇದ್ದರೆ ಸರಿ.

ಮೊದಲ ದಿನ ನಾನು ಮಾಡಿದ್ದು ಪಾಠದಲ್ಲಿರುವ ಹಾಗೆಯೇ. ಮೊದಲು ಗೇಜೇ ಸುಳ್ಳು ಹೇಳುತ್ತಿದೆಯೇ ಎಂದು ಡ್ರೈನ್ ನಲ್ಲಿಗೆ ನನ್ನ ಗೇಜ್ ಸಿಕ್ಕಿಸಿ ನೋಡಿದೆ. ಎರಡೂ ಒಂದೇ ಹೇಳಿದವು, ಇಪ್ಪತ್ತರ ಮೇಲೆ. ಒಂದಿಷ್ಟು ನೀರು ಇಳಿಸಿ, ಹನ್ನೆರಡಕ್ಕೆ ತಂದು, ಫಿಲ್ ವಾಲ್ವಿನ ಹಿಂದಿನ ನಲ್ಲಿ ಮುಚ್ಚಿ ಬಾಯ್ಲರ್ ಹಚ್ಚಿದೆ. ಕಾದೆ. ಹದಿನೆಂಟಕ್ಕೆ ಹೋಗಿ ನಿಂತಿತು. ಅಂದರೆ ತಪ್ಪು ಫಿಲ್ ವಾಲ್ವಿನದು, ಮುಚ್ಚಿಕೊಳ್ಳಬೇಕಾದಾಗ ಮುಚ್ಚಿಕೊಳ್ಳದೆ ಬೀದಿಯ ನೀರನ್ನು ಸೋರಬಿಡುತ್ತಿದೆ. ಹೊಸ ವಾಲ್ವ್ ಹಾಕಿದೆ. ಒಮ್ಮೆ ಬಾಯಿಬಿಟ್ಟ ಸೇಫ್ಟಿ ವಾಲ್ವ್ ಮತ್ತೆ ಸರಿಯಾಗಿ ಕೂರುವುದಿಲ್ಲವೆಂದು ಅದನ್ನೂ ಬದಲಾಯಿಸಿದೆ. ಹೊಸ ವಾಲ್ವಿನ ಹಿಡಿಕೆ ಎತ್ತಿ ನೀರು ತುಂಬಿಸುವಾಗ ಆ ತಾಯಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರೋ ಇಲ್ಲವೋ, ಹೇಳಲಾರೆ. ಚಹಾ ಕೊಟ್ಟದ್ದು ನೆನಪಿದೆ. ಶುಂಠಿ ಹೆಚ್ಚಾಗಿತ್ತು.

ಎರಡು ದಿನಕ್ಕೆ ಮತ್ತೆ ಪೇಜರ್ ಕೂಗಿತು. ಮತ್ತೆ ನೀರು, ಮತ್ತೆ ಆರಿಸಿದ ಸ್ವಿಚ್, ಮತ್ತೆ ತಣ್ಣನೆಯ ಮನೆ. ಈ ಸಲ ಎಕ್ಸ್‌ಪಾನ್ಷನ್ ಟ್ಯಾಂಕಿನ ಮೇಲೆ ಸಂಶಯಪಟ್ಟೆ. ನೀರು ಬಿಸಿಯಾಗಿ ಹಿಗ್ಗಿದಾಗ ಜಾಗ ಕೊಡಲು ಅದರೊಳಗೆ ರಬ್ಬರಿನ ಪೊರೆಯ ಆಚೆ ಗಾಳಿ ಇರುತ್ತದೆ. ಟ್ಯಾಂಕಿನ ಕೆಳಗೆ ಸೈಕಲ್ ಟ್ಯೂಬಿನಲ್ಲಿರುವಂಥ ಗಾಳಿ ವಾಲ್ವಿನ ಮೊಳೆ ಒತ್ತಿದೆ. ಗಾಳಿಯ ಜೊತೆ, ಪೊರೆ ಹರಿದದ್ದರ ಗುರುತಾಗಿ, ಒಂದು ಹನಿ ನೀರು ಬಂದ ಹಾಗೆ ಅನಿಸಿತು. ಅನಿಸಿತು ಅಷ್ಟೇ, ನನ್ನ ಕೈಯೇ ಒದ್ದೆಯಾಗಿತ್ತು. ಟ್ಯಾಂಕ್ ಬದಲಾಯಿಸಿದೆ.

ಬಾಣಂತಿ ಮೇಲಿಂದ ಕೂಗಿ ಕೇಳಿದಳು, "ಅಣ್ಣಾ, ಈ ಸಲ ಪಕ್ಕಾ ಅಲ್ರೀ?"

"ಪಕ್ಕಾ ತಂಗೀ," ಅಂದೆ.

"ಹೋದ ಸಲಾನೂ ಹಿಂಗ ಅಂದಿದ್ರಿ."

"ಹೋದ ಸಲ ವಾಲ್ವ್ ಪಕ್ಕಾ ಆಗಿತ್ತು, ಈ ಸಲ ಟ್ಯಾಂಕ್."

"ನಿಮ್ಮ ಅಳಿಯಂದ್ರ ಪ್ರೋಗ್ರಾಮ್ ಹಂಗ ಆತು ನೋಡ ಅವ್ವಾ," ಎಂದು ಅವಳು ತಾಯಿಗೆ ಹೇಳಿ ನಕ್ಕದ್ದು ಕೇಳಿಸಿತು. "ಒಂದು ಸುಧಾರಿಸಿದ್ರ ಇನ್ನೊಂದು ಕೆಡ್ತೈತಿ."

ಮೂರನೆಯ ಸಲ ಹೋಗುವಾಗ ನನಗೆ ನಗು ಇರಲಿಲ್ಲ. ಉಳಿದದ್ದು ಒಂದೇ, ಕಾಯಿಲ್. ಅದರಲ್ಲಿ ಸೂಜಿಮೊನೆಯಷ್ಟು ತೂತಾದರೂ ನಲ್ಲಿ ನೀರಿನ ಜೋರು ಒತ್ತಡ ಬಾಯ್ಲರಿನೊಳಗೆ ನುಗ್ಗುತ್ತದೆ. ಬೀದಿಯ ಒತ್ತಡ ಯಾವಾಗಲಾದರೂ ಬಿದ್ದರೆ ಉಲ್ಟಾ ಆಗಿ ಬಾಯ್ಲರಿನ ಕಪ್ಪು ನೀರು ಸ್ನಾನದ ನೀರಿಗೆ ಸೇರಬಹುದು. ಪರೀಕ್ಷೆ ಸುಲಭ. ಕಾಯಿಲಿಗೆ ಹೋಗುವ ತಣ್ಣೀರಿನ ನಲ್ಲಿ ಮುಚ್ಚಬೇಕು, ಮನೆಯಲ್ಲಿ ಬಿಸಿನೀರು ಬರುವುದಿಲ್ಲ, ಒಂದು ದಿನ ಮುಳ್ಳು ನೋಡಬೇಕು. ಏರದಿದ್ದರೆ ಕಾಯಿಲ್ ತೂತು ಎಂದರ್ಥ.

"ಬಿಸಿನೀರಿಲ್ಲಂದ್ರ ಹೆಂಗ್ರಿ ತಮ್ಮಾ?" ಎಂದರು ತಾಯಿ. "ಆತು ಬಿಡ್ರಿ, ಒಲಿ ಮ್ಯಾಲ ಕಾಸ್ತೀನಿ. ನಾಲ್ಕು ಬರ್ನರ್ ಅದಾವ, ನಾಲ್ಕೂ ಹಚ್ಚತೀನಿ."

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಮುಳ್ಳು ಹದಿನೆಂಟರಲ್ಲೇ ಮಲಗಿತ್ತು. ನಲ್ಲಿ ತೆರೆದು, ನೋಡೋಣವೆಂದು ಹೊರಟುಹೋದೆ. ಮಧ್ಯಾಹ್ನಕ್ಕೆ ಮೊದಲೇ ಪೇಜರ್. ನೆಲದ ತುಂಬ ನೀರು. ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆಯನ್ನು ನನ್ನ ಕೆಲಸದಲ್ಲಿ ನಾನು ಕಂಡಿರಲಿಲ್ಲ. ಮುಚ್ಚಿದರೆ ಸರಿ, ತೆರೆದರೆ ತಪ್ಪು. ಬಾಸ್‌ಗೆ ಫೋನ್ ಮಾಡಿದೆ.

ಬಾಸ್ ಕಾಯಿಲಿನ ಬೋಲ್ಟುಗಳ ಬಗ್ಗೆ ಕೇಳಿದ. ತುಕ್ಕು ಹಿಡಿದು ಬಾಯ್ಲರಿನ ಕಬ್ಬಿಣದ ಜೊತೆ ಒಂದಾಗಿಹೋಗಿವೆ ಅಂದೆ. ಹಾಗಾದರೆ ಮುಟ್ಟಬೇಡ, ಒಂದು ಬೋಲ್ಟ್ ಮುರಿದರೆ ಎರಕದ ಕಬ್ಬಿಣದ ಇಡೀ ಒಡಲು ಸೀಳುತ್ತದೆ, ಬಾಯ್ಲರನ್ನೇ ಕಿತ್ತು ಹೊಸದು ಹಾಕೋಣ, ಎಂದ. ಸೋಮವಾರ ಶುರು ಮಾಡಿದರೆ ಬುಧವಾರದ ಹೊತ್ತಿಗೆ ಮುಗಿಯುತ್ತದೆ. ಅಷ್ಟು ದಿನ ಹೀಟ್ ಇಲ್ಲ. ಹವಾಮಾನದವರು ಅದೇ ಸೋಮವಾರದಿಂದ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಸೊನ್ನೆಗೆ ಹತ್ತಿರದ ಚಳಿ ಎನ್ನುತ್ತಿದ್ದರು.

ಇದನ್ನು ಮನೆಯವರಿಗೆ ತಿಳಿಸಿದ್ದು ಶುಕ್ರವಾರ ಸಂಜೆ, ಗಂಡ ರೈಲಿಳಿದು ಬಂದ ಮೇಲೆ.

"ಪರವಾಗಿಲ್ಲ, ರೂಟ್ ಒನ್ ಹೈವೇ ಮೇಲೆ ಯಾವ್ದಾದ್ರೂ ಮೋಟೆಲ್‌ನಲ್ಲಿ ಇರ್ತೀವಿ," ಎಂದ.

"ತಮ್ಮಾ, ಅಳಿಯಂದ್ರಿಗೆ ಹೇಳ್ರಿ," ಎಂದರು ಬಾಗಿಲ ಮರೆಯಿಂದ. "ಹದಿನೈದು ದಿನದ ಕೂಸಿನ್ನ ಹಿಡಕೊಂಡು ಈ ಗಾಳಿಯೊಳಗ ಲಾಡ್ಜಿಗೆ ಹೋಗೂದಿಲ್ಲ. ತಿಂಗಳ ತುಂಬೂ ತನಕ ನಾವು ಬಾಣಂತಿನ್ನ ಹೊಸ್ತಿಲ ದಾಟಸೂದಿಲ್ಲ."

"ಅತ್ತೆಗೆ ಹೇಳಿ ಸಾರ್, ಇಲ್ಲಿದ್ರೆ ಮನೆಯೊಳಗೇ ಹೆಪ್ಪುಗಟ್ಟಿ ಹೋಗ್ತಾರೆ."

"ಎಲೆಕ್ಟ್ರಿಕ್ ಹೀಟರ್ ಇಟಗೊಂಡು ಒಂದs ಖೋಲ್ಯಾಗ ಇರ್ತೀವಿ ಅಂತ ಹೇಳ್ರಿ."

"ಈ ಮನೆ ವೈರಿಂಗ್‌ಗೆ ಮೂರು ಹೀಟರ್ ಹಾಕಿದ್ರೆ ಫ್ಯೂಸ್ ಹೋಗತ್ತೆ ಅಂತ ಹೇಳಿ."

ನಾನು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುವ ಮೊದಲೇ ಉತ್ತರ ಬರುತ್ತಿತ್ತು. ಕೊನೆಗೆ ಒಳಗಿನಿಂದ ಬಾಣಂತಿ, "ಇಬ್ಬರೂ ಸುಮ್ಮನ ಕೂಡ್ರಿ, ಕೂಸು ಎಚ್ಚರಾತು," ಅಂದಳು. ಏನೂ ತೀರ್ಮಾನವಾಗಲಿಲ್ಲ. ಅವಳ ದನಿ ಅಳುವಂತಿತ್ತು. ಅದು ನನ್ನ ಪರೀಕ್ಷೆಯ ಮೇಲೆ ನಿಂತ ಜಗಳ ಎಂಬುದು ನನಗೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಬಾಸ್ ನನ್ನನ್ನು ಅಳತೆ ತೆಗೆಯಲು ಕಳಿಸಿದ. ಪೈಪು, ಚಿಮಣಿ, ಬಾಗಿಲ ಅಗಲ. ಗಂಡ ಆಫೀಸಿಗೆ ಹೋಗಿದ್ದ, ಆ ದಿನಗಳಲ್ಲಿ ಅವರಿಗೆ ಶನಿವಾರವೆಂಬುದು ಇರಲಿಲ್ಲ. ಬಾಣಂತಿಯೇ ಬಾಗಿಲು ತೆಗೆದು ಒಳಗೆ ಹೋದಳು. ಕೆಳಗಿಳಿದು ಅಳತೆ ಮುಗಿಸಿ ಟೇಪ್ ಸುತ್ತುವಾಗ ಮುಳ್ಳು ನೋಡಿದೆ. ಹದಿನೆಂಟು.

ಹದಿನೆಂಟು ಇರಬಾರದಿತ್ತು. ಹಿಂದಿನ ಸಂಜೆ ಮನೆ ಬಿಡುವಾಗ ನಾನೇ ನೀರಿಳಿಸಿ, ಅವರಿಗೆ ಬಿಸಿನೀರು ಬೇಕೆಂದು ಕಾಯಿಲಿನ ನಲ್ಲಿಯನ್ನು ತೆರೆದೇ ಬಿಟ್ಟಿದ್ದೆ. ತೂತೆಂಬುದು ರಾತ್ರಿಯೆಲ್ಲ ರಜೆ ತೆಗೆದುಕೊಳ್ಳುವುದಿಲ್ಲ. ಕಾಯಿಲ್ ಸೋರುತ್ತಿದ್ದರೆ ಮುಳ್ಳು ನಿಧಾನವಾಗಿ, ಒಂದೇ ಸಮನೆ ಏರಿರಬೇಕು. ಇಲ್ಲಿ ಅದು ಗಂಟೆಗಟ್ಟಲೆ ಸುಮ್ಮನಿದ್ದು, ಯಾವುದೋ ಒಂದು ಹೊತ್ತಿನಲ್ಲಿ ಒಮ್ಮೆಲೇ ಹಾರುತ್ತಿದೆ. ಯಾವ ಹೊತ್ತು? ನಾಲ್ಕೂ ಸಲ ಪೇಜರ್ ಬಂದದ್ದು ಮಧ್ಯಾಹ್ನದ ಒಳಗೆ ಎಂದು ಆಗ ಹೊಳೆಯಿತು. ಪ್ರತಿ ಸಲವೂ ನಾನು ಬಂದು, ಬಿಚ್ಚಿ, ಜೋಡಿಸಿ, ಮುಂದಿನ ಮನೆಗೆ ಓಡಿದ್ದೆ. ಏನನ್ನೂ ಮುಟ್ಟದೆ ಅದರ ಎದುರು ಕೂತಿರಲಿಲ್ಲ.

ಪೇಜರಿನ ಸದ್ದು ತೆಗೆದೆ. ವಾಷಿಂಗ್ ಮಷೀನಿನ ಪಕ್ಕ ಖಾಲಿ ಬಕೆಟ್ ಬೋರಲು ಹಾಕಿಕೊಂಡು ಕೂತೆ. ಮುಂದಿನ ಮನೆಯವರು ಕಾಯುತ್ತಿದ್ದರು, ಕಾಯಲಿ. ಟೂಲ್‌ಬಾಕ್ಸಿಗೆ ಕೈ ಹಾಕಬಾರದು ಎಂದು ನಿರ್ಧರಿಸಿದೆ. ಅಷ್ಟು ಸಣ್ಣ ನಿರ್ಧಾರ ಮಾಡುವುದು ಎಷ್ಟು ಕಷ್ಟವಾಯಿತೆಂದರೆ ಕೈಗಳನ್ನು ಜಾಕೆಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಮೇಲೆ ಎರೆಯುವುದು ಶುರುವಾಯಿತು. ಕಾಯಿಲಿನ ಪೈಪಿನಲ್ಲಿ ನೀರು ಸರಿಯುವ ಸದ್ದು, ಮಗುವಿನ ಅಳು, ಬಚ್ಚಲ ನೀರು ಡ್ರೈನಿನಲ್ಲಿ ಬೀಳುವ ಸದ್ದು. ಬರ್ನರ್ ಹತ್ತಿತು, ಆರಿತು. ಮುಳ್ಳು ಅಲ್ಲೇ ಇತ್ತು. ಕೂಸಿಗೆ ಎರೆದದ್ದಾಯಿತು, ಬಾಣಂತಿಗೆ ಎರೆದದ್ದಾಯಿತು, ಲೋಬಾನದ ವಾಸನೆ ಕೆಳಗೂ ಬಂತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆಗಳು.

ಇಲ್ಲಿಂದ ಮುಂದಿನದನ್ನು ನಾನು ಕಂಡೆ ಎಂದೇ ಹೇಳುತ್ತ ಬಂದಿದ್ದೇನೆ. ತಾಯಿ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಅಳಿಯನ ಸ್ವೆಟರ್. ಸೀರೆಯ ಅಂಚು ಒದ್ದೆ. ನನ್ನನ್ನು ನೋಡಲಿಲ್ಲ, ನಾನು ಮಷೀನಿನ ಹಿಂದಿದ್ದೆ. ಸೀದಾ ಬಾಯ್ಲರಿನ ಬಳಿಗೆ ಹೋಗಿ, ಕೈಯೆತ್ತಿ, ಫಿಲ್ ವಾಲ್ವಿನ ಹಿಡಿಕೆಯನ್ನು ಎತ್ತಿದರು. ನೀರು ನುಗ್ಗುವ ಸದ್ದಿಗೆ ಕಿವಿಗೊಟ್ಟು ನಿಂತರು. ಮುಳ್ಳು ಇಪ್ಪತ್ತು ದಾಟಿತು, ಇಪ್ಪತ್ತೈದು ದಾಟಿತು. ಹಿಡಿಕೆ ಇಳಿಸಿದರು. ಇಷ್ಟು ನಿಚ್ಚಳವಾಗಿ ಕಾಣುವ ಚಿತ್ರದ ಮೇಲೆ ನನಗೆ ನಂಬಿಕೆ ಕಡಿಮೆ. ಹಿಡಿಕೆ ಎತ್ತಿದ್ದನ್ನು ನೋಡಿದೆನೋ, ಸದ್ದು ಕೇಳಿ ತಲೆಯೆತ್ತುವಾಗ ಆಕೆಯ ಕೈ ಆಗಲೇ ಮೇಲಿತ್ತೋ. ಮಾತು ಮಾತ್ರ ನೆನಪಿದೆ.

"ಅವ್ವಾರ, ಏನ್ ಮಾಡಾಕತ್ತೀರಿ?"

ಆಕೆ ತಿರುಗಿ ನೋಡಿದರು. "ನೀವು ಇಲ್ಲೇ ಅದೀರೇನು? ಸಪ್ಪಳಿಲ್ಲದ ಕುಂತೀರಿ, ಬೆಕ್ಕಿನಂಗ." ಕೈಯನ್ನು ಸ್ವೆಟರಿಗೆ ಒರೆಸಿಕೊಂಡರು. "ಹಂಡೇಕ ನೀರು ಹಾಕಿದೆ."

"ಹಂಡೆಗೆ?"

"ಹೂಂ ಮತ್ತ. ಎರಡು ಮಂದಿ ಎರಕೊಂಡ್ರ ಎಷ್ಟು ನೀರು ಹೋತು? ತೊಗೊಂಡಷ್ಟು ತಿರುಗಿ ಹಾಕಬೇಕಲ್ಲ. ಬರೇ ಹಂಡೇ ಉರೀ ಮ್ಯಾಲ ಇದ್ದರ ತಳಾ ಸುಟ್ಟು ಹೋಗ್ತೈತಿ. ಇಲ್ಲಿ ಯಾರಿಗೂ ಅದರ ಖಬರಿಲ್ಲ. ಅಳಿಯಂದ್ರು ಅರ್ಧಾ ತಾಸು ಜಳಕಾ ಮಾಡ್ತಾರ, ಒಂದ್ ದಿನಾ ಕೆಳಗ ಬಂದು ನೋಡಿಲ್ಲ."

ನಮ್ಮ ಮನೆಯ ಬಚ್ಚಲಲ್ಲೂ ಅದೇ ನಿಯಮ. ಸ್ನಾನ ಮಾಡಿದವನು ಹಂಡೆಗೆ ಎರಡು ಕೊಡ ತಣ್ಣೀರು ಸುರಿದೇ ಹೊರಗೆ ಬರಬೇಕು. ಸುರಿಯದೆ ಬಂದರೆ ಅವ್ವ ಕಿವಿ ಹಿಂಡುತ್ತಿದ್ದಳು. ಕಾಯಿಲಿನ ನಲ್ಲಿ ಮುಚ್ಚಿದ ದಿನ ಈಕೆ ಒಲೆಯ ಮೇಲೆ ನೀರು ಕಾಸಿದ್ದರು. ಹಂಡೆಯಿಂದ ತೆಗೆದುಕೊಂಡಿರಲಿಲ್ಲ, ಹಾಗಾಗಿ ಹಂಡೆಗೆ ಹಾಕಲೂ ಇಲ್ಲ. ಮುಳ್ಳು ಸುಮ್ಮನಿದ್ದದ್ದು ಅದಕ್ಕೆ. ನನ್ನ ಸ್ಪಷ್ಟವಾದ ಪರೀಕ್ಷೆ ಅಷ್ಟೇ ಆಗಿತ್ತು.

"ಈ ಹಿಡಿಕೆ ನಿಮಗೆ ಯಾರು ತೋರಿಸಿದ್ರು?"

"ಯಾರು ಯಾಕ ತೋರಸಬೇಕು? ಎತ್ತಿದ್ರ ನೀರು ಹೋಗೂ ಸಪ್ಪಳಾ ಬರ್ತೈತಿ. ಕಿವಿ ಅದಾವಲ್ಲ ನನಗ."

ಬಕೆಟ್ ನೆಟ್ಟಗೆ ಮಾಡಿ, ಬಾಯ್ಲರಿನ ಡ್ರೈನಿನಿಂದ ಒಂದಿಷ್ಟು ನೀರು ಹಿಡಿದು ತೋರಿಸಿದೆ. ಕಪ್ಪಗೆ, ಕಬ್ಬಿಣದ ವಾಸನೆ. ಒತ್ತಡವೂ ಇಳಿಯಿತು. ಹಂಡೆಯೊಳಗಿನ ನೀರು ಇದು, ನೀವು ಎರೆಯುವ ನೀರು ಇದರ ನಡುವೆ ಬೇರೆ ಪೈಪಿನಲ್ಲಿ ಹಾದುಹೋಗುತ್ತದೆ, ಹಂಡೆಯಿಂದ ಒಂದು ಲೋಟವೂ ಖರ್ಚಾಗುವುದಿಲ್ಲ ಎಂದು ಹೇಳಿದೆ.

ಆಕೆ ಬಗ್ಗಿ ಮೂಸಿದರು. "ಇದು ಎಂದಿನ ನೀರು?"

"ವರ್ಷಗಟ್ಟಲೆ ಹಳೇದು."

"ಹಳಸಿದ ನೀರು ಮನೀ ತುಂಬ ತಿರಗತೈತಿ ಅನ್ರಿ," ಎಂದರು. ಆಮೇಲೆ ನೆಲದ ಕಡೆ ನೋಡಿ, "ಹಂಗಾರ ಆ ನೆಲದ ಮ್ಯಾಲಿನ ನೀರು ನನ್ನಿಂದಾನs ಆತೇನು?"

"ನೀವು ತುಂಬಿಸಿದ್ದು ಹೆಚ್ಚಾಗಿ ಹೊರಗ ಬಂದೈತಿ."

"ಹಂಡೇ ತುಂಬಿದ್ರ ಉಕ್ಕೂದs ಮತ್ತ," ಎಂದರು, ಅದರಲ್ಲೇನು ವಿಶೇಷ ಎಂಬಂತೆ. ಆಮೇಲೆ ದನಿ ತಗ್ಗಿಸಿ, "ಅಳಿಯಂದ್ರಿಗೆ ಹೇಳಬ್ಯಾಡ್ರಿ ತಮ್ಮಾ. ಇನ್ನ ಮುಟ್ಟೂದಿಲ್ಲ. ಮನೀ ಬೆಚ್ಚಗಿದ್ರ ಸಾಕು."

ಅಳಿಯನಿಗೆ ಹೇಳಲಿಲ್ಲ. ಹಿಡಿಕೆಗೆ ತಾಮ್ರದ ತಂತಿ ಸುತ್ತಿ ಕಟ್ಟಿದೆ. ಅಥವಾ ಕಟ್ಟಬೇಕೆಂದುಕೊಂಡು ಆಕೆಯ ಮುಖ ನೋಡಿ ಬಿಟ್ಟೆ. ಎರಡೂ ಥರ ಹೇಳಿದ್ದೇನೆ.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಸೋಮವಾರ ಹೊಸ ಬಾಯ್ಲರ್ ಬರುವುದಿತ್ತು. ಬಾಸ್‌ಗೆ ಫೋನ್ ಮಾಡಿ ಬೇಡ ಅಂದೆ. ಕಾರಣ ಹೇಳಿದಾಗ ಅವನು ನಗಲಿಲ್ಲ. ಹಾಗಾದರೆ ಕಾಯಿಲ್ ಚೆನ್ನಾಗಿದೆ ಅನ್ನುತ್ತೀಯಾ, ಎಂದು ಕೇಳಿದ. ಚೆನ್ನಾಗಿದೆ ಅಂದೆ. ಹೇಗೆ ಗೊತ್ತು ಅಂದ. ಹಿಡಿಕೆಯೇ ಕಾರಣ ಎಂದರೆ ಕಾಯಿಲ್ ನಿರ್ದೋಷಿ ಎಂದಾಗುವುದಿಲ್ಲ. ತೀರ ಸಣ್ಣ ತೂತಾದರೆ ಒಂದು ರಾತ್ರಿಯಲ್ಲಿ ಮುಳ್ಳು ಅಲ್ಲಾಡದೆಯೂ ಇರಬಹುದು. ಖಾತ್ರಿ ಮಾಡಿಕೊಳ್ಳಲು ಇದ್ದ ದಾರಿಗಳು ಎರಡು. ಬೋಲ್ಟ್ ಬಿಚ್ಚಿ ನೋಡುವುದು, ಬಾಯ್ಲರ್ ಸೀಳಿದರೆ ಸೀಳಲಿ ಎಂದು. ಇಲ್ಲವೇ ಇಡೀ ಬಾಯ್ಲರ್ ಕೀಳುವುದು. ಎರಡರಲ್ಲೂ ಆ ಚಳಿಯಲ್ಲಿ ಮನೆಯ ಹೀಟ್ ನಿಲ್ಲುತ್ತಿತ್ತು. "ನಾನು ದಿನಾ ಹೋಗಿ ನೋಡ್ತೇನೆ," ಅಂದೆ. ನಿನ್ನ ಇಷ್ಟ, ಎಂದು ಬಾಸ್ ಫೋನಿಟ್ಟ.

ಚಳಿ ಹೇಳಿದಂತೆಯೇ ಬಂತು. ದಿನವೂ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಲ್ಲಿ ವ್ಯಾನ್ ನಿಲ್ಲಿಸುತ್ತಿದ್ದೆ. ಮುಳ್ಳು ಹದಿನೆಂಟರ ಸುತ್ತಮುತ್ತ ಇರುತ್ತಿತ್ತು. ಒಂದು ದಿನ ಇಪ್ಪತ್ತು, ಬರ್ನರ್ ಉರಿಯುತ್ತಿತ್ತು, ಅದಕ್ಕೇ ಇರಬೇಕು. ನೆಲ ಒಣಗಿತ್ತು. ಮನೆ ಬೆಚ್ಚಗಿತ್ತು. ಬಾಣಂತಿ ಹೊಸ್ತಿಲು ದಾಟಲಿಲ್ಲ. ಆಮೇಲೆ ಆ ಮನೆಯಿಂದ ಪೇಜರ್ ಬರಲಿಲ್ಲ, ನಾನೂ ಹೋಗುವುದನ್ನು ಬಿಟ್ಟೆ.

ಕೆಲವು ವರ್ಷಗಳ ನಂತರ ನ್ಯೂಯಾರ್ಕಿನ ಫ್ಲಶಿಂಗಿನಲ್ಲಿರುವ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ಗಂಡ ಹೆಂಡತಿ ಸಿಕ್ಕರು. ಮಗಳು ದೋಸೆಯನ್ನು ಫೋರ್ಕಿನಲ್ಲಿ ತಿನ್ನುತ್ತ ತಂದೆಗೆ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು. ಆ ಮನೆ ಮಾರಿದರಂತೆ. ಕೊಂಡವರು ಎಣ್ಣೆ ಬಿಟ್ಟು ಗ್ಯಾಸಿಗೆ ಬದಲಾಯಿಸಿ ಹಳೆಯ ಬಾಯ್ಲರನ್ನು ಗುಜರಿಗೆ ಕಳಿಸಿದರಂತೆ. ಅತ್ತೆ ಹಂಡೆಗೆ ನೀರು ಹಾಕುತ್ತಿದ್ದ ವಿಷಯ ಗಂಡನಿಗೆ ಗೊತ್ತಾಗಿತ್ತು, ಹೆಂಡತಿ ಹೇಳಿದ್ದಳು.

"ಆದ್ರೆ ಸಾರ್, ಫಸ್ಟ್ ಟೈಮ್ ನೀರು ಬಂದಿದ್ದು ಅತ್ತೆ ಇಂಡಿಯಾದಿಂದ ಬರೋಕೆ ಮುಂಚೆ," ಎಂದ. "ನಾನೇ ಮಾಪ್ ಮಾಡಿದ್ದೆ. ನಿಮ್ಮನ್ನ ಕರೀಲಿಲ್ಲ ಅಷ್ಟೆ."

"ಏನೂ ಇಲ್ಲ, ಅವ್ವ ಬಂದ ಮ್ಯಾಲ," ಎಂದಳು ಹೆಂಡತಿ. "ನನಗ ಛಲೋ ನೆನಪೈತಿ. ಅವ್ವನs ಒರಿಸ್ಯಾಳ."

"ನೀನು ಕೆಳಗೆ ಇಳಿದಿದ್ದೇ ಇಲ್ಲ ಆಗ."

"ನೀವು ಮನ್ಯಾಗ ಇದ್ದದ್ದs ಇಲ್ಲ ಆಗ."

ಅವರು ನನ್ನ ಮುಖ ನೋಡಿದರು, ಯಾರದು ಸರಿ ಎಂದು ನಾನು ಹೇಳುತ್ತೇನೆ ಎಂಬ ಹಾಗೆ. ಗಂಡನದು ಸರಿಯಾದರೆ, ಯಾರೂ ಹಿಡಿಕೆ ಮುಟ್ಟುವ ಮೊದಲೇ ಬಾಯ್ಲರಿನ ಒತ್ತಡ ಬೇರೆ ಯಾವುದರಿಂದಲೋ ಏರುತ್ತಿತ್ತು. ಅದು ನಾನು ಬದಲಾಯಿಸಿದ ಹಳೆಯ ಫಿಲ್ ವಾಲ್ವ್ ಇದ್ದಿರಬಹುದು. ಟ್ಯಾಂಕ್ ಇದ್ದಿರಬಹುದು. ಕಾಯಿಲ್ ಇದ್ದಿರಬಹುದು. ಕಾಯಿಲನ್ನು ಯಾರೂ ಬಿಚ್ಚಿ ನೋಡಲಿಲ್ಲ. ಅದರಲ್ಲಿ ತೂತು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದಿದ್ದರೆ, ಬೀದಿಯ ಒತ್ತಡ ಬಿದ್ದ ಯಾವುದಾದರೂ ಬೆಳಿಗ್ಗೆ ಆ ಕೂಸಿಗೆ ಎರೆದದ್ದು ಯಾವ ನೀರು ಎಂಬುದೂ ಗೊತ್ತಿಲ್ಲ.